ಐದು ಋತುಗಳ ಊರಿನಲ್ಲಿ

ಭೂಪಟ ಬಿಡಿಸಿ ಅಮೆರಿಕದ ನಟ್ಟನಡುವೆ ಬೆರಳಿಡಿ. ಅಲ್ಲಿಂದ ಮೇಲಕ್ಕೆ, ಕೆನಡಾ ದಾಟಿ ಆರ್ಕ್ಟಿಕ್ ಸಾಗರದವರೆಗೆ ಎಳೆಯುತ್ತ ಹೋಗಿ. ಅಡ್ಡ ಬರುವ ಪರ್ವತಸಾಲು ಒಂದೂ ಇಲ್ಲ. ಕೆಳಕ್ಕೆ ಎಳೆದರೂ ಅಷ್ಟೆ, ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ನೀರು ಮುಟ್ಟುವ ತನಕ ಬಯಲು. ರಾಕಿ ಪರ್ವತಗಳೇನೋ ಇವೆ, ಆದರೆ ದೂರದ ಪಶ್ಚಿಮದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮಲಗಿವೆ. ನಮ್ಮ ಹಿಮಾಲಯ ಪೂರ್ವ ಪಶ್ಚಿಮವಾಗಿ ಅಡ್ಡ ನಿಂತು ಮಧ್ಯ ಏಷ್ಯಾದ ಕೊರೆಯುವ ಗಾಳಿಯನ್ನು ಆಚೆಗೇ ತಡೆಯುತ್ತದೆ. ಈ ಬಯಲಿಗೆ ಅಂಥ ಕಾವಲು ಯಾವುದೂ ಇಲ್ಲ. ಧ್ರುವದ ಗಾಳಿಗೆ ಇತ್ತ ಬರಬೇಕೆನ್ನಿಸಿದರೆ ಬರುತ್ತದೆ, ಕೊಲ್ಲಿಯ ಹಸಿ ಬಿಸಿ ಗಾಳಿಗೆ ಅತ್ತ ಹೋಗಬೇಕೆನ್ನಿಸಿದರೆ ಹೋಗುತ್ತದೆ. ಎರಡೂ ಎದುರಾಗುವ ಜಾಗದಲ್ಲಿ ಮನುಷ್ಯರು ಮನೆ ಕಟ್ಟಿಕೊಂಡು, ಮೆಕ್ಕೆಜೋಳ ಬಿತ್ತಿ ಬದುಕಿದ್ದಾರೆ.

ಅಂಥ ಒಂದು ಜಾಗ ಅಯೋವಾ ರಾಜ್ಯದ ಲಿನ್ ಕೌಂಟಿ. ಅಯೋವಾದಲ್ಲಿ 99 ಕೌಂಟಿಗಳಿವೆ, ಜನಸಂಖ್ಯೆಯಲ್ಲಿ ಇದಕ್ಕೆ ಎರಡನೆಯ ಸ್ಥಾನ. ವಿಸ್ತಾರ ಸುಮಾರು 1,900 ಚದರ ಕಿಲೋಮೀಟರ್, ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಜನ 2.3 ಲಕ್ಷ. ಮುಖ್ಯ ಪಟ್ಟಣ ಸೀಡರ್ ರ‍್ಯಾಪಿಡ್ಸ್, ಅದರ ನಡುವೆ ಸೀಡರ್ ನದಿ. ನದಿಯ ಮಧ್ಯದ ನಡುಗಡ್ಡೆಯ ಮೇಲೆ ಕೌಂಟಿಯ ನ್ಯಾಯಾಲಯವಿದೆ. ದಡದಲ್ಲಿ ದೊಡ್ಡದೊಂದು ಓಟ್ಸ್ ಗಿರಣಿ ಇದೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಪೇಟೆಯಿಡೀ ಹುರಿದ ಧಾನ್ಯದ ಘಮ. ಊರು ತನ್ನನ್ನು ‘ಐದು ಋತುಗಳ ನಗರ’ ಎಂದು ಕರೆದುಕೊಳ್ಳಲು ಶುರುಮಾಡಿದ್ದು 1968ರಲ್ಲಿ. ನಾಲ್ಕು ಋತುಗಳು ಸರಿ, ಐದನೆಯದು ಆ ನಾಲ್ಕನ್ನೂ ಸವಿಯಲು ಬೇಕಾದ ಬಿಡುವು ಎಂದು ಅಲ್ಲಿಯವರು ವಿವರಿಸುತ್ತಾರೆ. ಪೇಟೆಯಲ್ಲಿ ಇದಕ್ಕೆಂದೇ ಮರದಾಕಾರದ ಎತ್ತರದ ಶಿಲ್ಪವನ್ನೂ ನಿಲ್ಲಿಸಿದ್ದಾರೆ. ಅಲ್ಲಿಯ ಹವೆಯನ್ನು ಹತ್ತಿರದಿಂದ ನೋಡಿದ ಮೇಲೆ ಆ ಬಿಡುವಿನ ಮೇಲೆ ನನಗೆ ಗೌರವ ಹೆಚ್ಚಿತು. ಆ ಊರಿನ ಜನ ಅದನ್ನು ಸುಲಭವಾಗಿ ಗಳಿಸಿಲ್ಲ.

ನಾನು ಮೊದಲ ಸಲ ಹೋದದ್ದು ಮಗಳ ಬಾಣಂತನಕ್ಕೆ, ಜನವರಿಯಲ್ಲಿ. ಶಿಕಾಗೊದಲ್ಲಿ ಇಳಿದು ಪಶ್ಚಿಮಕ್ಕೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಎರಡೂ ಬದಿಗೆ ಕಣ್ಣು ಹರಿಯುವಷ್ಟು ದೂರ ಬಿಳಿ, ಆ ಬಿಳಿಯೊಳಗಿಂದ ಕೊಯ್ದ ಜೋಳದ ಕೂಳೆಗಳು ಸಾಲುಸಾಲಾಗಿ ಇಣುಕುತ್ತಿದ್ದವು. ಮಿಸಿಸಿಪ್ಪಿ ದಾಟುವಾಗ ಅಳಿಯ ಕಾರು ನಿಧಾನ ಮಾಡಿ, “ಅತ್ತೆ, ಎಡಗಡೆ ನೋಡಿ” ಅಂದರು. ಅಷ್ಟು ದೊಡ್ಡ ನದಿಯ ಮೇಲೆ ಮಂಜುಗಡ್ಡೆ ಹಾಸಿತ್ತು. ದೋಣಿಗಳಿಗೆಂದು ಕಟ್ಟಿದ ಅಡ್ಡಕಟ್ಟೆಯ ಕೆಳಗೆ ಮಾತ್ರ ನೀರು ರಭಸದಿಂದ ಹರಿಯುವುದರಿಂದ ಹೆಪ್ಪುಗಟ್ಟದೆ ಉಳಿದಿತ್ತು. ಅದರ ಪಕ್ಕದ ಬೋಳು ಮರಗಳಲ್ಲಿ ಬಿಳಿತಲೆಯ ದೊಡ್ಡ ಹದ್ದುಗಳು ಒಂದೊಂದು ಕೊಂಬೆಗೆ ಒಂದೊಂದರಂತೆ ಕೂತು ಮೀನಿಗೆ ಕಾಯುತ್ತಿದ್ದವು. ಉತ್ತರದ ಕೆರೆ ನದಿಗಳೆಲ್ಲ ಗಡ್ಡೆಯಾದಾಗ ಈ ಹಕ್ಕಿಗಳು ತೆರೆದ ನೀರು ಹುಡುಕಿಕೊಂಡು ಇಲ್ಲಿಗೆ ಇಳಿಯುತ್ತವಂತೆ.

ಚಳಿಯ ಬಗ್ಗೆ ಊರಿನಲ್ಲಿ ಎಲ್ಲರೂ ಎಚ್ಚರಿಸಿದ್ದರು. ಅದು ಇಷ್ಟು ಒಣಗಿರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ತಣ್ಣನೆಯ ಗಾಳಿ ಹಿಡಿದಿಟ್ಟುಕೊಳ್ಳುವ ನೀರಾವಿ ತೀರ ಕಡಿಮೆ. ಅದೇ ಗಾಳಿ ಮನೆಯೊಳಗೆ ಬಂದು ಬಿಸಿಯಾದಾಗ ಮರುಭೂಮಿಯ ಗಾಳಿಯಷ್ಟು ಒಣಗುತ್ತದೆ. ಹೊರಗೆ ಮಂಜು ಮೊಣಕಾಲಿಗೆ ಬಂದಿದ್ದರೂ ನೆಲಮಾಳಿಗೆಯಲ್ಲಿ ಹರವಿದ ಮಗುವಿನ ಬಟ್ಟೆ ನೋಡುನೋಡುತ್ತಲೇ ಒಣಗುತ್ತಿತ್ತು. ಮಳೆಗಾಲದಲ್ಲಿ ಒಲೆಯ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸಿದ ಮಲೆನಾಡಿನವಳು ನಾನು, ಕೂಸಿನ ತುಟಿ ಒಡೆಯದಂತೆ ಕೋಣೆಯಲ್ಲಿ ನೀರಿನ ಪಾತ್ರೆ ಇಡಬೇಕಾಗಿ ಬಂತು. ಬಾಗಿಲ ಹಿಡಿ ಮುಟ್ಟಿದರೆ ಬೆರಳ ತುದಿಯಲ್ಲಿ ಚಟ್ ಎಂದು ಕಿಡಿ.

ಒಂದು ಬೆಳಿಗ್ಗೆ ಮೈನಸ್ 25 ಡಿಗ್ರಿ ಇತ್ತು. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಆದರೂ ಗಾಳಿಯಲ್ಲಿ ಏನೋ ಮಿನುಗುತ್ತ ಮೆಲ್ಲಗೆ ಉದುರುತ್ತಿತ್ತು. ಪೂರ್ವಕ್ಕೆ ನೋಡಿದರೆ ಸೂರ್ಯನ ಎಡಕ್ಕೊಂದು, ಬಲಕ್ಕೊಂದು ಇನ್ನೆರಡು ಸೂರ್ಯರು, ಆ ಇಬ್ಬರನ್ನೂ ಮುಟ್ಟುತ್ತ ನಡುವಿನ ಸೂರ್ಯನನ್ನು ಸುತ್ತಿದ ಮಸುಕಾದ ಬಳೆ. ಸೂರ್ಯನ ಕಡೆಗಿರುವ ಅಂಚಿನಲ್ಲಿ ಆ ಮರಿಸೂರ್ಯರಿಗೆ ಕೆಂಪು ಬಣ್ಣ. ಗಾಳಿಯಲ್ಲಿ ತೇಲುವ ಆರು ಮೂಲೆಯ ಹಿಮದ ಬಿಲ್ಲೆಗಳು ಬೆಳಕನ್ನು ಬಗ್ಗಿಸುವುದರಿಂದ, ಸೂರ್ಯನಿಂದ ಸುಮಾರು 22 ಡಿಗ್ರಿ ಆಚೆಗೆ ಹೀಗೆ ಕಾಣುತ್ತದೆ. ವಿಮಾನಗಳ ಹವಾಮಾನ ರೇಡಾರಿನ ಮೇಲೆ ಕೆಲಸ ಮಾಡುವ ಅಳಿಯ ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ವಿವರಣೆ ತಿಳಿದ ಮೇಲೆ ನೋಟದ ಸೊಗಸು ನನಗಂತೂ ಇನ್ನಷ್ಟು ಹೆಚ್ಚಿತು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಕಿಟಕಿಯ ಬಳಿ ತಂದು ತೋರಿಸಿದೆವು.

ಅದೇ ಊರಿನ ಹುಡುಗ ಆರ್ಥರ್ ಕಾಲಿನ್ಸ್ 1925ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಮನೆಯಲ್ಲೇ ಕಟ್ಟಿಕೊಂಡ ರೇಡಿಯೊದಿಂದ ಆರ್ಕ್ಟಿಕ್ ಕಡೆಗೆ ಹೋಗಿದ್ದ ಮ್ಯಾಕ್‌ಮಿಲನ್ ಅನ್ವೇಷಣಾ ತಂಡದೊಡನೆ ಸಂಪರ್ಕ ಇಟ್ಟುಕೊಂಡಿದ್ದ. ಮುಂದೆ ಅವನು ಕಟ್ಟಿದ ರೇಡಿಯೊ ಉದ್ಯಮವೇ ಈ ಪಟ್ಟಣಕ್ಕೆ ಇಂಜಿನಿಯರುಗಳನ್ನು ಕರೆತರಲು ಕಾರಣ. ನಮ್ಮ ಕಡೆಯ ಎಷ್ಟೋ ಮಕ್ಕಳು ಇಂದು ಅಲ್ಲಿರುವುದರ ಹಿಂದೆಯೂ ಅದೇ ಎಳೆ ಇದೆ.

ಎದುರು ಮನೆಯಲ್ಲಿ ಹಿರಿಯ ದಂಪತಿ ಇದ್ದರು. ಮೊದಲು ಹೊಲ ಮಾಡುತ್ತಿದ್ದವರು, ವಯಸ್ಸಾದ ಮೇಲೆ ಊರೊಳಗೆ ಬಂದಿದ್ದರು. ಮನೆಯ ಮುಂದಿನ ಕಾಲುದಾರಿಯ ಮಂಜನ್ನು ಗಡುವಿನೊಳಗೆ ತೆಗೆಯುವುದು ಆಯಾ ಮನೆಯವರ ಕರ್ತವ್ಯ. ಹಸುಗೂಸಿನ ಮನೆ ಎಂದು ಅವರು ನಸುಕಿಗೇ ಎದ್ದು ಮಂಜು ಎರಚುವ ಯಂತ್ರ ತಂದು ನಮ್ಮದನ್ನೂ ತೆಗೆದು ಹೋಗುತ್ತಿದ್ದರು. ಕೇಳಿದ್ದಿಲ್ಲ, ಹೇಳಿದ್ದಿಲ್ಲ. 2019ರ ಜನವರಿಯ ಕೊನೆಯ ಎರಡು ದಿನಗಳ ಕಥೆ ಕೇಳಿದ್ದು ಅವರಿಂದಲೇ. ಧ್ರುವದ ಮೇಲೆ ಗಿರಗಿರನೆ ಸುತ್ತುತ್ತಿರಬೇಕಾದ ಶೀತಗಾಳಿಯ ಸುಳಿಯಿಂದ ಒಂದು ಭಾಗ ಕಳಚಿಕೊಂಡು ದಕ್ಷಿಣಕ್ಕೆ ಜಾರಿತ್ತು. ಸೀಡರ್ ರ‍್ಯಾಪಿಡ್ಸ್‌ನಲ್ಲಿ ಉಷ್ಣತೆ ಮೈನಸ್ 34ರ ಹತ್ತಿರಕ್ಕೆ ಇಳಿಯಿತು. ಮಿಸಿಸಿಪ್ಪಿಯಾಚೆಯ ಇಲಿನಾಯ್‌ನ ಮೌಂಟ್ ಕ್ಯಾರಲ್‌ನಲ್ಲಿ ಮೈನಸ್ 39 ಮುಟ್ಟಿ ಆ ರಾಜ್ಯದ ದಾಖಲೆಯೇ ಆಯಿತು. ಬಿಸಿಲು, ಮಳೆ, ಮಂಜು ಯಾವುದಕ್ಕೂ ನಿಲ್ಲದೆ ಮನೆ ಮನೆಗೆ ಬರುವ ಅಂಚೆಯವರು ಆ ದಿನ ಬರಲಿಲ್ಲ. ಇಲಾಖೆಯೇ ವಿತರಣೆ ನಿಲ್ಲಿಸಿತ್ತು. ರಸ್ತೆಗೆ ಸುರಿಯುವ ಉಪ್ಪು ಕೂಡ ಮೈನಸ್ 10ರ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಯೋವಾದ ಕನಿಷ್ಠ ದಾಖಲೆ ಇದಕ್ಕೂ ಕೆಳಗಿನದು. ಲಿನ್ ಕೌಂಟಿಯ ಉತ್ತರಕ್ಕಿರುವ ಎಲ್ಕೇಡರ್ ಎಂಬ ಪುಟ್ಟ ಊರಿನಲ್ಲಿ 1996ರ ಫೆಬ್ರವರಿ 3ರಂದು ಮೈನಸ್ 44 ಡಿಗ್ರಿ. ಅಲ್ಜೀರಿಯದ ಮರಳುನಾಡಿನ ವೀರ ಅಬ್ದುಲ್ ಖಾದಿರ್ ಅವರ ಹೆಸರನ್ನೇ ಆ ಊರಿಗೆ ಇಟ್ಟಿರುವುದು. ಗರಿಷ್ಠ ದಾಖಲೆ ಅಯೋವಾದ ಆಗ್ನೇಯ ತುದಿಯ ಕಿಯೋಕಕ್‌ನದು. 1934ರ ಜುಲೈ 20ರಂದು ಸುಮಾರು 48 ಡಿಗ್ರಿ. ಒಂದೇ ರಾಜ್ಯದೊಳಗೆ ಮೇಲಿಂದ ಕೆಳಕ್ಕೆ 92 ಡಿಗ್ರಿಯ ಅಂತರ!

ಏಪ್ರಿಲ್ ಬಂದಾಗ ನೆಲ ಸಡಿಲವಾಯಿತು. ಆ ಮಣ್ಣಿನ ಕಪ್ಪನ್ನು ನೋಡಿ ನಾನು ಬಗ್ಗಿ ಒಂದು ಹಿಡಿ ಎತ್ತಿದೆ. ನಮ್ಮ ಉತ್ತರ ಕರ್ನಾಟಕದ ಎರೆ ಕಪ್ಪುಕಲ್ಲು ಸವೆದು ಆದದ್ದು. ಇದು ಆಳೆತ್ತರದ ಹುಲ್ಲು ಸಾವಿರಾರು ವರ್ಷ ಬೆಳೆದು, ಬೇರು ಕೊಳೆತು ಕೊಳೆತು ಆದದ್ದು. ಮೇ ತಿಂಗಳಲ್ಲಿ ತರಗೆಲೆಗಳ ನಡುವೆ ಮೋರೆಲ್ ಎಂಬ ಜೇನುಹುಟ್ಟಿನಂಥ ಅಣಬೆ ಏಳುತ್ತದೆ. ಎದುರು ಮನೆಯವರು ಒಂದು ಚೀಲ ತಂದುಕೊಟ್ಟರು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ನಕ್ಕು ಸುಮ್ಮನಾದರು.

ವಸಂತದ ಸಿಡಿಲು ಮಳೆ ಅಲ್ಲಿ ಬಹುತೇಕ ಬರುವುದು ರಾತ್ರಿ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಂಜೆಯದು, ದಿನವಿಡೀ ಕಾದ ನೆಲ ಹೊಗೆಯೆಬ್ಬಿಸಿ ತರಿಸಿಕೊಳ್ಳುವಂಥದು. ಅಲ್ಲಿ ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ, ನೆಲಕ್ಕೆ ಉಜ್ಜಿ ನಿಧಾನವಾಗುವ ಗೋಜು ತಪ್ಪಿ, ಕೆಲವು ನೂರು ಮೀಟರ್ ಎತ್ತರದಲ್ಲಿ ದಕ್ಷಿಣದ ಗಾಳಿ ವೇಗ ಹಿಡಿಯುತ್ತದೆ. ರಾತ್ರಿಯಿಡೀ ಅದು ಕೊಲ್ಲಿಯ ತೇವವನ್ನು ಹೊತ್ತು ತಂದು ಬಯಲಿನ ಮೇಲೆ ಸುರಿಯುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಎಚ್ಚರವಾದರೆ ಪಶ್ಚಿಮದ ಅಂಚಿನಲ್ಲಿ ನಿಲ್ಲದ ಮಿಂಚು, ಸದ್ದು ಇನ್ನೂ ಕಿವಿಗೆ ಬಂದಿರುವುದಿಲ್ಲ. ಬೆಟ್ಟವಿಲ್ಲದ ಊರಿನಲ್ಲಿ ಮಳೆ ಎಷ್ಟು ದೂರದಿಂದ ಕಾಣುತ್ತದೆ! ಆಗುಂಬೆಯ ಸೀಮೆಯಲ್ಲಿ ಮಳೆ ತಲೆಯ ಮೇಲೆ ಬಿದ್ದಾಗಲೇ ಗೊತ್ತಾಗುವುದು. ಇಲ್ಲಿ ಅದು ಬರುವುದನ್ನು ಕಿಟಕಿಯಲ್ಲಿ ಕೂತು ಕಾಯಬಹುದು. ವರ್ಷದ ಒಟ್ಟು ಮಳೆ ಬೆಂಗಳೂರಿನದಕ್ಕೆ ಹತ್ತಿರವೇ, 900 ಮಿಲಿಮೀಟರ್ ಆಸುಪಾಸು. ಆದರೆ ಅದು ಸುರಿಯುವ ರೀತಿಯೇ ಬೇರೆ.

ತಿಂಗಳಿಗೊಮ್ಮೆ ಬೆಳಿಗ್ಗೆ ಪರೀಕ್ಷೆಗೆಂದು ಸೈರನ್ ಕೂಗಿಸುತ್ತಾರೆ, ಅದು ರೂಢಿಯಾಗಿತ್ತು. ಮೇ ತಿಂಗಳ ಒಂದು ರಾತ್ರಿ ಅದೇ ಸೈರನ್ ಕತ್ತಲಲ್ಲಿ ಕೂಗಿತು. ಸಂಜೆಯಿಂದ ಫೋನಿನಲ್ಲಿ ‘ವಾಚ್’ ಇತ್ತು, ಅಂದರೆ ಸುಂಟರಗಾಳಿ ಹುಟ್ಟಬಹುದಾದ ಹವೆ ಇದೆ ಎಂದು. ಈಗ ಅದು ‘ವಾರ್ನಿಂಗ್’ ಆಗಿತ್ತು. ರೇಡಾರಿನಲ್ಲೋ ಕಣ್ಣಿಗೋ ಬಿದ್ದಿದೆ, ತಡಮಾಡದೆ ಕೆಳಗಿಳಿಯಿರಿ ಎಂದರ್ಥ. “ಅತ್ತೆ, ಮಗೂನ ಕೊಡಿ, ನೀವು ಮೊದಲು ಇಳೀರಿ” ಎಂದು ಅಳಿಯ ನೆಲಮಾಳಿಗೆಯ ದೀಪ ಹಾಕಿದರು. ಅಲ್ಲಿ ಮೂಲೆಯಲ್ಲಿ ನೀರಿನ ಬಾಟಲಿ, ಟಾರ್ಚು, ಬ್ಯಾಟರಿ ರೇಡಿಯೊ, ಎಲ್ಲರ ಹಳೆಯ ಬೂಟು. ಮನೆ ಬಿದ್ದರೆ ಗಾಜಿನ ಮೇಲೆ ನಡೆಯಬೇಕಾಗುತ್ತದೆ ಎಂದು ಬೂಟು. ಡೇವನ್‌ಪೋರ್ಟ್‌ನ ಹವಾಮಾನ ಕಚೇರಿಯ ದನಿ ರೇಡಿಯೊದಲ್ಲಿ ಒಂದೊಂದೇ ಊರಿನ ಹೆಸರು ಹೇಳುತ್ತ, ಅದು ಎಷ್ಟು ಗಂಟೆಗೆ ಎಲ್ಲಿಗೆ ಬರಬಹುದೆಂದು ತಿಳಿಸುತ್ತಿತ್ತು. ಆ ಸುಳಿ ನಮ್ಮ ಉತ್ತರಕ್ಕೆ ಹೊಲಗಳ ಮೇಲೆ ಹಾದು ಹೋಯಿತು. ಬೆಳಗಾದ ಮೇಲೆ ಎದುರು ಮನೆಯಾಕೆ ಬಾಗಿಲು ತಟ್ಟಿ, ಮಗು ನಿದ್ದೆ ಮಾಡಿತೇ ಎಂದು ಮೊದಲು ಕೇಳಿದರು.

ನದಿಯ ಕಥೆಯನ್ನು ಅಲ್ಲಿ ಎಲ್ಲರೂ ಒಂದೇ ಸಂಖ್ಯೆಯಿಂದ ಆರಂಭಿಸುತ್ತಾರೆ: 31.12 ಅಡಿ. ಸೀಡರ್ ನದಿ 12 ಅಡಿ ದಾಟಿದರೆ ಪ್ರವಾಹ. 1851ರಲ್ಲಿ ಮತ್ತು 1929ರಲ್ಲಿ 20 ಅಡಿ ಏರಿತ್ತು, ಅದಕ್ಕಿಂತ ಹೆಚ್ಚು ನೀರನ್ನು ಪಟ್ಟಣ ಕಂಡಿರಲಿಲ್ಲ. 2008ರಲ್ಲಿ ಚಳಿಗಾಲದ ಮಂಜು ಹೆಚ್ಚಿತ್ತು, ವಸಂತವೂ ಬಿಡದೆ ಸುರಿದಿತ್ತು. ನೀರು ಕುಡಿದು ತಣಿದ ನೆಲದ ಮೇಲೆ ಜೂನ್‌ನ ಮಳೆ ಬಿತ್ತು. ಜೂನ್ 13ರಂದು ನದಿ ಹಳೆಯ ದಾಖಲೆಗಿಂತ 11 ಅಡಿ ಮೇಲೆ ನಿಂತಿತು. ಹತ್ತು ಚದರ ಮೈಲಿ ಪಟ್ಟಣ ಮುಳುಗಿತು. ನಡುಗಡ್ಡೆಯ ನ್ಯಾಯಾಲಯ, ಸೆರೆಮನೆ, ನಗರಸಭೆ ಎಲ್ಲ ನೀರಿನೊಳಗೆ. ರೈಲು ಸೇತುವೆ ಕೊಚ್ಚಿಹೋಗದಿರಲಿ ಎಂದು ಅದರ ಮೇಲೆ ಕಲ್ಲು ತುಂಬಿದ ವ್ಯಾಗನ್‌ಗಳನ್ನು ನಿಲ್ಲಿಸಿದ್ದರು. ಸೇತುವೆ ವ್ಯಾಗನ್‌ಗಳೊಡನೆಯೇ ಕುಸಿಯಿತು. ಆಸ್ಪತ್ರೆಯೊಂದರಿಂದ 176 ರೋಗಿಗಳನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿದರು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬಾವಿಯ ಸಂಗತಿ. ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತಿದ್ದ ನದಿಬದಿಯ ಬಾವಿಗಳೆಲ್ಲ ಒಂದೊಂದಾಗಿ ನಿಂತುಹೋಗಿ, ಕೊನೆಯದೊಂದು ಉಳಿದಿತ್ತು. ಟೀವಿಯಲ್ಲಿ ಕರೆ ಕೊಟ್ಟದ್ದೇ ತಡ, ನೂರಾರು ಜನ ಸಂಜೆಯ ಹೊತ್ತಿನಲ್ಲಿ ಓಡಿ ಬಂದು, ಸಾಲಾಗಿ ನಿಂತು ಮರಳಿನ ಚೀಲವನ್ನು ಕೈಯಿಂದ ಕೈಗೆ ದಾಟಿಸಿ ಆ ಬಾವಿಯ ಸುತ್ತ ಗೋಡೆ ಕಟ್ಟಿದರು. ಬಾವಿ ಉಳಿಯಿತು. ಮಾಮೂಲಿನ ಕಾಲು ಭಾಗ ನೀರಿನಲ್ಲಿ ಇಡೀ ಪಟ್ಟಣ ದಿನ ದೂಡಿತು. ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿದ ಆ ಪ್ರವಾಹ ಪಟ್ಟಣದಲ್ಲಿ ಒಂದು ಜೀವವನ್ನೂ ತೆಗೆದುಕೊಳ್ಳಲಿಲ್ಲ. ಹವಾಮಾನದ ಪುಸ್ತಕಗಳಲ್ಲಿ ನೀರಿನ ಮಟ್ಟ ಬರೆಯುತ್ತಾರೆ. ಈ ಸಾಲನ್ನೂ ಅದರ ಪಕ್ಕದಲ್ಲೇ ಬರೆಯಬೇಕು ಎಂದು ನನ್ನ ಅನಿಸಿಕೆ.

ಅಳಿಯ ನಮ್ಮನ್ನು ಚೆಕ್ ಮತ್ತು ಸ್ಲೋವಾಕ್ ಜನರ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಆ ನಾಡುಗಳಿಂದ ವಲಸೆ ಬಂದವರು ನದಿಯ ದಡದಲ್ಲಿ ನೆಲೆಯೂರಿದ್ದರು. ಪ್ರವಾಹ ಅವರ ಸಂಗ್ರಹಾಲಯವನ್ನೂ ಹೊಕ್ಕಿತು. 2011ರಲ್ಲಿ ಅವರು ಕಟ್ಟಡವನ್ನು ಒಡೆಯದೆ, 1,500 ಟನ್ ತೂಕದ ಅದನ್ನು ಹಾಗೆಯೇ ಎತ್ತಿ 480 ಅಡಿ ದೂರ ಸರಿಸಿ, 11 ಅಡಿ ಎತ್ತರದಲ್ಲಿ ಕೂರಿಸಿದರು. ಕೆಳಗಿನ ಬೀದಿಗಳಲ್ಲಿ ಮನೆಗಳಿದ್ದ ಕಡೆ ಈಗ ಹುಲ್ಲು. ಸಾವಿರಕ್ಕೂ ಹೆಚ್ಚು ಮನೆಗಳನ್ನು ಸರ್ಕಾರ ಕೊಂಡು ಕೆಡವಿ ಜಾಗವನ್ನು ನದಿಗೆ ಬಿಟ್ಟಿದೆ. ಎಲ್ಲೋ ಒಂದು ಕಡೆ ಯಾರದೋ ಅಂಗಳದ ಮೇಪಲ್ ಮರ, ಯಾವ ಮನೆಗೂ ಸೇರದ ಎರಡು ಮೆಟ್ಟಿಲು. 2016ರ ಸೆಪ್ಟೆಂಬರಿನಲ್ಲಿ ನದಿ ಮತ್ತೆ 22 ಅಡಿಗೆ ಬಂದಾಗ ಮರಳು ತುಂಬಿದ ದೊಡ್ಡ ತೊಟ್ಟಿಗಳ ತಡೆ ಅದನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸಿತು. ಈಗ ಶಾಶ್ವತ ತಡೆಗೋಡೆಯ ಕೆಲಸ ವರ್ಷ ವರ್ಷ ಮುಂದುವರಿಯುತ್ತಿದೆ.

ಜೂನ್‌ನಲ್ಲಿ ಕತ್ತಲಾಗುವುದೇ ರಾತ್ರಿ ಒಂಬತ್ತರ ಮೇಲೆ. ಆಗ ಅಂಗಳದ ಹುಲ್ಲಿನಿಂದ ಮಿಂಚುಹುಳಗಳು ಏಳುತ್ತವೆ. ಮೊಮ್ಮಗಳು ಅವುಗಳ ಕಡೆ ಕೈ ಚಾಚಿದ್ದನ್ನು ನೋಡಿಕೊಂಡೇ ನಾನು ಆ ಸಲ ಊರಿಗೆ ಹೊರಟೆ.

ಎರಡನೆಯ ಸಲ ಹೋದದ್ದು ಬೇಸಿಗೆಯ ಬಲಿತ ದಿನಗಳಲ್ಲಿ. ಮಂಜಿನಲ್ಲಿ ಬೆತ್ತಲೆ ಮಲಗಿದ್ದ ಹೊಲಗಳು ಈಗ ತಲೆಗಿಂತ ಎತ್ತರದ ಹಸಿರು. ಕಾರಿನ ಎರಡೂ ಬದಿಗೆ ಜೋಳದ ಗೋಡೆ, ನಡುವಿನ ಓಣಿಯಲ್ಲಿ ನಾವು. ಹೊರಗೆ ಕಾಲಿಟ್ಟರೆ ಮಂಗಳೂರಿನ ಮೇ ತಿಂಗಳಿನ ಸೆಕೆ. ಸಮುದ್ರ ಸಾವಿರ ಕಿಲೋಮೀಟರಿಗೂ ಆಚೆ, ಆದರೂ ಸಮುದ್ರ ತೀರದ ಬೆವರು. ಇದರಲ್ಲಿ ಕೊಲ್ಲಿಯ ಪಾಲಿನ ಜೊತೆಗೆ ಬೆಳೆಯ ಪಾಲೂ ಇದೆ. ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ ಹನ್ನೊಂದರಿಂದ ಹದಿನೈದು ಸಾವಿರ ಲೀಟರ್ ನೀರನ್ನು ಎಲೆಗಳಿಂದ ಆವಿಯಾಗಿಸುತ್ತದೆ. ಅಂಥ ಲಕ್ಷಾಂತರ ಎಕರೆ ಒಟ್ಟಿಗೆ ಉಸಿರಾಡಿದರೆ ಹವೆ ಬೇರೆಯೇ ಆಗುತ್ತದೆ. ಅಲ್ಲಿಯ ರೈತರು ಇದನ್ನು ಜೋಳದ ಬೆವರು ಎನ್ನುತ್ತಾರೆ. ಮನುಷ್ಯ ಬಿತ್ತಿದ್ದು ಆಕಾಶದ ಗುಣವನ್ನೇ ಇಷ್ಟು ಬದಲಿಸಬಲ್ಲದು ಎಂಬುದನ್ನು ನಾನು ಬೆವರೊರೆಸಿಕೊಳ್ಳುತ್ತ ಕಲಿತೆ.

ಆ ಬೆಚ್ಚನೆಯ ತೇವವೇ ಬಿರುಗಾಳಿಗೆ ಮೇವು. 2020ರ ಆಗಸ್ಟ್ 10, ಸೋಮವಾರ. ಇಡೀ ಲಿನ್ ಕೌಂಟಿಯಲ್ಲಿ ಆ ದಿನ ಎಲ್ಲಿದ್ದಿರಿ ಎಂದು ಕೇಳಿದರೆ ಉತ್ತರವಿಲ್ಲದವರು ಸಿಗಲಾರರು. ಬೆಳಿಗ್ಗೆ ದಕ್ಷಿಣ ಡಕೋಟ ಗಡಿಯ ಕಡೆ ಹುಟ್ಟಿದ ಗುಡುಗುಮೋಡಗಳ ಸಾಲೊಂದು ಪೂರ್ವಕ್ಕೆ ಹೊರಟು, ಬಿಲ್ಲಿನಂತೆ ಬಾಗಿ, 14 ಗಂಟೆಗಳಲ್ಲಿ ಸುಮಾರು 1,240 ಕಿಲೋಮೀಟರ್ ಓಡಿ ಒಹಾಯೊ ಮುಟ್ಟಿತು. ಮಳೆಯಿಂದ ತಂಪಾಗಿ ಭಾರವಾದ ಗಾಳಿ ಮೇಲಿಂದ ದಬ್ಬನೆ ಬಿದ್ದು, ನೆಲಕ್ಕೆ ಬಡಿದು ಮುಂದಕ್ಕೆ ನುಗ್ಗುತ್ತದೆ. ಹಾಗೆ ನುಗ್ಗಿದ ಗಾಳಿ ಎದುರಿನ ಬಿಸಿ ತೇವವನ್ನು ಮೇಲಕ್ಕೆಸೆದು ಹೊಸ ಮೋಡ ಮಾಡುತ್ತದೆ. ಹೀಗೆ ತನ್ನ ದಾರಿಯನ್ನು ತಾನೇ ಮಾಡಿಕೊಂಡು ಸಾಗುವ ಈ ಬಿರುಗಾಳಿಗೆ ಡೆರೇಚೊ ಎನ್ನುತ್ತಾರೆ. ಸುಂಟರಗಾಳಿ ಸುತ್ತಿ ತಿರುಚಿ ಹೊಡೆದರೆ ಇದು ಒಂದೇ ದಿಕ್ಕಿಗೆ ಹೊಡೆಯುತ್ತದೆ. ಇವೆರಡೂ ಬೇರೆ ಬೇರೆ ಎಂದು ಸಾಧಿಸಿದವನು ಗುಸ್ಟಾವಸ್ ಹಿನ್ರಿಕ್ಸ್. ಪಕ್ಕದ ಕೌಂಟಿಯ ಅಯೋವಾ ಸಿಟಿಯಲ್ಲಿ ಪ್ರಾಧ್ಯಾಪಕನಾಗಿದ್ದ. 1877ರ ಜುಲೈ ಕೊನೆಯ ದಿನದ ಬಿರುಗಾಳಿಯನ್ನು ಉದಾಹರಣೆಯಾಗಿಟ್ಟು 1888ರಲ್ಲಿ ಅದನ್ನು ಬರೆದು ಪ್ರಕಟಿಸಿದ.

ಹಿಂದಿನ ರಾತ್ರಿಯ ಮುನ್ಸೂಚನೆಯಲ್ಲಿ ಇಷ್ಟೊಂದು ಬಿರುಸಿನ ಸುಳಿವಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಸೀಡರ್ ರ‍್ಯಾಪಿಡ್ಸ್‌ನ ಆಕಾಶ ಕಪ್ಪಾಯಿತು. ಪಕ್ಕದ ಆಟ್‌ಕಿನ್ಸ್ ಎಂಬ ಊರಿನ ಮಾಪಕ ಗಂಟೆಗೆ ಸುಮಾರು 203 ಕಿಲೋಮೀಟರ್ ತೋರಿಸಿತು. ಪಟ್ಟಣದಲ್ಲಿ ಮುರಿದುಬಿದ್ದ ಕಟ್ಟಡಗಳನ್ನು ಪರಿಶೀಲಿಸಿ ತಜ್ಞರು 225ರ ಅಂದಾಜು ಕೊಟ್ಟರು. ಇಂಥ ಗಾಳಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಹಾದುಹೋಗುತ್ತದೆ. ಅವತ್ತು ಮುಕ್ಕಾಲು ಗಂಟೆ ನಿಲ್ಲಲಿಲ್ಲ. “ರೈಲು ಬಂದ ಸದ್ದು ಅಂತ ಎಲ್ಲರೂ ಹೇಳ್ತಾರೆ, ರೈಲು ಹೋಗಿಬಿಡುತ್ತೆ, ಇದು ಹೋಗಲೇ ಇಲ್ಲ” ಎಂದರು ಎದುರು ಮನೆಯಾಕೆ. ಅವರಿಬ್ಬರೂ ನೆಲಮಾಳಿಗೆಯಲ್ಲಿ ಕೈ ಹಿಡಿದು ಕೂತಿದ್ದರಂತೆ. ಮೇಲೆ ಬಂದಾಗ ಅಡುಗೆಮನೆಯಲ್ಲಿ ಓಕ್ ಮರದ ಕೊಂಬೆ. ಕಿಟಕಿಯಿಂದ ಎಂದೂ ಕಾಣದಿದ್ದ ದೂರದ ಬೀದಿಗಳು ಕಾಣುತ್ತಿದ್ದವು.

ಮರಗಳು ಹೋಗಿದ್ದವು. ಪಟ್ಟಣದ ಒಟ್ಟು ನೆರಳಿನ ಮೂರರಲ್ಲಿ ಎರಡು ಭಾಗ ಒಂದೇ ಮಧ್ಯಾಹ್ನ ನೆಲ ಸೇರಿತು. ವಿದ್ಯುತ್ ಬರಲು ಕೆಲವೆಡೆ ಎರಡು ವಾರ ಹಿಡಿಯಿತು. ಕೋವಿಡ್‌ನ ನಡುವೆ, ಆಗಸ್ಟ್‌ನ ಸೆಕೆಯಲ್ಲಿ ಜನ ಚಾವಣಿ ಹಾರಿದ ಮನೆಗಳ ಮುಂದೆ ಗುಡಾರ ಹಾಕಿಕೊಂಡರು. ಪೇಲೊ ಎಂಬ ಹಳ್ಳಿಯ ಬಳಿ 1975ರಿಂದ ನಡೆಯುತ್ತಿದ್ದ ಡುವೇನ್ ಆರ್ನಾಲ್ಡ್ ಅಣುವಿದ್ಯುತ್ ಸ್ಥಾವರದ ತಂಪುಗೋಪುರಗಳು ಮುರಿದವು. ಅಕ್ಟೋಬರಿನಲ್ಲಿ ಹೇಗೂ ಮುಚ್ಚಬೇಕಿದ್ದ ಸ್ಥಾವರ ಅಂದು ನಿಂತಿತು, ಆಗ ಅದನ್ನು ದುರಸ್ತಿ ಮಾಡಿ ಮತ್ತೆ ಆರಂಭಿಸಲಿಲ್ಲ. ಹಳ್ಳಿಗಳಲ್ಲಿ ಕಾಳು ತುಂಬುವ ಉಕ್ಕಿನ ಕಣಜಗಳು ಹಿಚುಕಿದ ಡಬ್ಬಿಗಳಂತಾದವು. ಕೊಯ್ಲಿಗೆ ಸಿದ್ಧವಾಗುತ್ತಿದ್ದ ಜೋಳ ಉಪಗ್ರಹದ ಚಿತ್ರದಲ್ಲೂ ಕಾಣುವಷ್ಟು ಉದ್ದಗಲಕ್ಕೆ ಒಂದೇ ದಿಕ್ಕಿಗೆ ಮಲಗಿತು. ಒಟ್ಟು ನಷ್ಟ 1,100 ಕೋಟಿ ಡಾಲರ್ ದಾಟಿತು, ಅಮೆರಿಕ ಅಲ್ಲಿಯವರೆಗೆ ಕಂಡಿದ್ದ ಗುಡುಗು ಬಿರುಗಾಳಿಗಳಲ್ಲೇ ಅತಿ ದೊಡ್ಡ ನಷ್ಟ.

ನಾನು ಹೋದಾಗ ಅದಾಗಿ ವರ್ಷಗಳಾಗಿದ್ದವು. ಬೀದಿಗಳಲ್ಲಿ ಮನೆಗಳ ವಯಸ್ಸಿಗೂ ಮರಗಳ ವಯಸ್ಸಿಗೂ ತಾಳೆಯಿರಲಿಲ್ಲ. ನೂರು ವರ್ಷದ ಮನೆಯ ಮುಂದೆ ಕೋಲಿಗೆ ಕಟ್ಟಿದ ಸಸಿ. ಕೆಲವರು ಉಳಿದ ಬೊಡ್ಡೆಯನ್ನು ಅಗೆದು ತೆಗೆಸದೆ ಅದರಲ್ಲಿ ಹದ್ದು, ಕರಡಿ, ಗೂಬೆ ಕೆತ್ತಿಸಿದ್ದರು. ಎದುರು ಮನೆಯವರು ನೆಟ್ಟದ್ದು ಬರ್ ಓಕ್. ಆಳಕ್ಕೆ ಬೇರು ಬಿಡುವ, ನಿಧಾನವಾಗಿ ಬೆಳೆಯುವ ಈ ನೆಲದ್ದೇ ಮರ. ಎಂಬತ್ತರ ಹತ್ತಿರದ ಅವರು ಅದಕ್ಕೆ ಪ್ರತಿ ಸಂಜೆ ನೀರು ಹಾಕುತ್ತಿದ್ದರು.

ಸೆಪ್ಟೆಂಬರ್ ಕಳೆದಂತೆ ಹಸಿರು ಒಣಗಿ ಹುಲ್ಲುಬಣ್ಣವಾಯಿತು. ಕೊಯ್ಲುಯಂತ್ರಗಳು ರಾತ್ರಿಯೂ ದೀಪ ಹಾಕಿಕೊಂಡು ಹೊಲದಲ್ಲಿ ತಿರುಗುತ್ತವೆ, ಮಳೆ ಬರುವ ಮೊದಲು ಮುಗಿಸಬೇಕು. ಆ ಧೂಳಿನಲ್ಲಿ ಮುಳುಗುವ ಸೂರ್ಯ ತಟ್ಟೆಯಷ್ಟು ಅಗಲ, ಕುಂಕುಮದ ಬಣ್ಣ. ಮೇಪಲ್ ಎಲೆಗಳ ಕೆಂಪನ್ನು ಹೊಗಳಲು ಎಲ್ಲರೂ ಇದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಆ ದಿನಗಳ ಗಾಳಿ. ತೇವ ಕಳೆದು, ಚಳಿ ಇನ್ನೂ ಕಚ್ಚದೆ, ನೂರು ಹೊಲದಾಚೆಯ ಕಣಜವೂ ಗೆರೆ ಕೊಯ್ದಂತೆ ಕಾಣುತ್ತದೆ. ಐದನೆಯ ಋತು ಬರುವುದಿದ್ದರೆ ಆ ಎರಡು ಮೂರು ವಾರಗಳಲ್ಲೇ ಬರುತ್ತದೆ.

ಇಂಥ ಹಿತವಾದ ದಿನವನ್ನೂ ಅಲ್ಲಿಯ ಹಿರಿಯರು ಪೂರ್ತಿ ನಂಬುವುದಿಲ್ಲ. 1940ರ ನವೆಂಬರ್ 11ರ ಬೆಳಿಗ್ಗೆ ಹೀಗೇ ಬೆಚ್ಚಗಿತ್ತು. ರಜೆಯ ದಿನ, ಜನ ತೆಳು ಅಂಗಿಯಲ್ಲಿ ಮಿಸಿಸಿಪ್ಪಿಯ ದ್ವೀಪಗಳಿಗೆ ಬಾತುಕೋಳಿ ಬೇಟೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಉತ್ತರದ ಗಾಳಿ ನುಗ್ಗಿ, ಕೆಲವೇ ಗಂಟೆಗಳಲ್ಲಿ ಹವೆ ಹೆಪ್ಪುಗಟ್ಟುವ ಮಟ್ಟದ ಕೆಳಕ್ಕೆ ಕುಸಿದು ಹಿಮಬಿರುಗಾಳಿ ಎದ್ದಿತು. ಮಧ್ಯಪಶ್ಚಿಮದಲ್ಲಿ ನೂರೈವತ್ತರಷ್ಟು ಜನ ಸತ್ತರು. ಇನ್ನೂ ಚಳಿಗೆ ಸಿದ್ಧವಾಗದೆ ಒಳಗೆ ರಸ ಓಡುತ್ತಿದ್ದ ಸೇಬಿನ ಮರಗಳು ಸೀಳಿದವು. ಕೆಂಪು ಡಿಲೀಷಿಯಸ್ ಸೇಬು ಹುಟ್ಟಿದ್ದೇ ಅಯೋವಾದಲ್ಲಿ, ಆದರೆ ಆ ದಿನದ ನಂತರ ಅಲ್ಲಿಯ ಸೇಬಿನ ತೋಟಗಾರಿಕೆ ಮೊದಲಿನಂತೆ ಮೇಲೇಳಲಿಲ್ಲ. ಹವೆ ಈಗ ಹಳೆಯವರ ಅನುಭವವನ್ನೂ ಮೀರುತ್ತಿದೆ. 2021ರ ಡಿಸೆಂಬರ್ 15ರಂದು, ಮಂಜು ಬೀಳಬೇಕಾದ ಕಾಲದಲ್ಲಿ, ಬೇಸಿಗೆಯಂಥ ಬಿಸಿ ಬಂದು ಅಯೋವಾದ ಮೇಲೆ ಡೆರೇಚೊ ಬೀಸಿ ಹತ್ತಾರು ಸುಂಟರಗಾಳಿಗಳು ಎದ್ದವು. ಡಿಸೆಂಬರಿನಲ್ಲಿ ಡೆರೇಚೊ ಅಮೆರಿಕದಲ್ಲಿ ದಾಖಲಾಗಿದ್ದು ಅದೇ ಮೊದಲು.

ಎದುರು ಮನೆಯ ಹಿತ್ತಲಿನ ಬೇಲಿಗೂಟಕ್ಕೆ ನಾಲ್ಕು ಇಂಚು ಅಗಲದ ಪಾರದರ್ಶಕ ಕೊಳವೆಯೊಂದನ್ನು ಸಿಕ್ಕಿಸಿದ್ದರು. ದಿನವೂ ಬೆಳಿಗ್ಗೆ ಏಳಕ್ಕೆ ಆ ಹಿರಿಯರು ಚಪ್ಪಲಿ ಮೆಟ್ಟಿ ಹೋಗಿ ಬಗ್ಗಿ ನೋಡಿ, ಒಳಗೆ ಬಂದು ಅಂಕಿ ಕಳಿಸುತ್ತಿದ್ದರು. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ 1997ರ ಪ್ರವಾಹದ ನಂತರ ಆರಂಭವಾದ ಮಳೆ ಅಳೆಯುವ ಸ್ವಯಂಸೇವಕರ ಜಾಲಕ್ಕೆ ಅವರು ಸೇರಿದ್ದರು. ಒಂದೇ ಮಳೆ ಈ ಬೀದಿಯಲ್ಲಿ ಮೂರು ಇಂಚು, ಆ ಬೀದಿಯಲ್ಲಿ ಅರ್ಧ ಇಂಚು ಸುರಿಯುವ ನಾಡಿನಲ್ಲಿ ಸರ್ಕಾರದ ಮಾಪಕಗಳು ಸಾಲವು. ಹಿನ್ರಿಕ್ಸ್ ಕೂಡ 1875ರಲ್ಲಿ ಅಯೋವಾದ ಹವಾಮಾನ ಸೇವೆ ಕಟ್ಟಿದಾಗ ಅಲ್ಲಲ್ಲಿಯ ಸ್ವಯಂಸೇವಕರು ಕಳಿಸುವ ಅಂಕಿಗಳನ್ನೇ ಆಧರಿಸಿದ್ದ. ಮಳೆ ಬಾರದ ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ಸೊನ್ನೆ ಕಳಿಸುತ್ತೇನೆ, ಬರವನ್ನು ಅಳೆಯುವವರಿಗೆ ಬೇಕಾದದ್ದು ಆ ಸೊನ್ನೆಯೇ ಎಂದರು. ಮಂಜು ಬಿದ್ದ ದಿನ ಹೊರಗಿನ ಕೊಳವೆಯನ್ನು ಒಳಗೆ ತಂದು, ಕರಗಿಸಿ, ನೀರಿನ ಅಳತೆ ಬರೆಯಬೇಕು.

ಮಗಳೂ ಅಂಥದೊಂದು ತರಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಹಿರಿಯರೇ ಬಂದು ಹೆಜ್ಜೆ ಹಾಕಿ ತೋರಿಸಿದರು, ಮನೆಯಿಂದಲೂ ಮರದಿಂದಲೂ ಸಾಕಷ್ಟು ದೂರ. ಈ ಅಂಗಳದಲ್ಲಿ ಮರ ಅಡ್ಡಬರುವ ತೊಂದರೆ ಇನ್ನು ಇಪ್ಪತ್ತು ವರ್ಷ ಇಲ್ಲ, ಆಮೇಲೆ ಕೊಳವೆಯನ್ನು ಆ ಕಡೆ ಸರಿಸಿಕೊಳ್ಳಿ ಎಂದು ಹೇಳಿ, ಸರಿಸಬೇಕಾದ ಜಾಗಕ್ಕೂ ಒಂದು ಗೂಟ ಹೊಡೆದು ಹೋದರು.